ಉದ್ಯಾನಗಿರಿಯ ಆನರ್ಸು, ಊರ ಕಾಲೇಜಿನ ಆನರ್ಸು

ಪದವಿ ಕಾಲೇಜುಗಳಿಗೆ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್‌ಗೆ ಮೂರೇ ವರ್ಷದಲ್ಲಿ ಬಾಗಿಲು ಬಿತ್ತು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಅದೇ ಹೆಸರಿನ ಪದವಿ ಸದ್ದುಗದ್ದಲವಿಲ್ಲದೆ ನಡೆದೇ ಇದೆ. ಜಿಲ್ಲೆ ಒಂದು, ಪದವಿಯ ಹೆಸರು ಒಂದು, ಹಣೆಬರಹ ಮಾತ್ರ ಎರಡು. ಅದು ಹೇಗೆ?

ಹಣಮಪ್ಪನ ಗುಡಿ ಮುಂದಿನ ಬಯಲಿಗೆ ಬೆಳಗಾಗುತ್ತಲೇ ನೀರು ಚಿಮುಕಿಸಿ ಆಗಿದೆ. ಹತ್ತಾರು ಹುಡುಗ ಹುಡುಗಿಯರು ಬಗ್ಗಿ ನಿಂತು ರಂಗೋಲಿ ಎಳೆಯುತ್ತಿದ್ದಾರೆ. ಹಬ್ಬವೂ ಇಲ್ಲ, ಜಾತ್ರೆಯೂ ಇಲ್ಲ. ನೆಲದ ಮೇಲೆ ಮೂಡುತ್ತಿರುವುದು ಊರಿನ ನಕ್ಷೆ.

ಎರಿ ಹೊಲಕ್ಕೆ ಇದ್ದಿಲ ಪುಡಿ, ಮಸಾರಿಗೆ ಕೆಮ್ಮಣ್ಣು, ತೋಟಕ್ಕೆ ಹಸಿರು, ಹಳ್ಳಕ್ಕೆ ನೀಲಿ. ಶಾಲೆ, ಅಂಗನವಾಡಿ, ನೀರಿನ ಟಾಕಿ, ಡೇರಿ ಒಂದೊಂದಾಗಿ ಜಾಗ ಹಿಡಿಯುತ್ತವೆ. ಕಟ್ಟೆ ಮೇಲೆ ಕುಂತ ಅಜ್ಜ ಅಷ್ಟೊತ್ತು ಸುಮ್ಮನೆ ನೋಡುತ್ತಿದ್ದವನು ಕೋಲು ಊರಿ ಎದ್ದೇ ಬಿಡುತ್ತಾನೆ.

"ಏ ತಮ್ಮಾ, ಹಳ್ಳ ಅಲ್ಲಿ ಎಡಕ್ಕ ಹೊಳ್ಳಂಗಿಲ್ಲ. ಅಳಿಸು, ಅಳಿಸು."

ಹುಡುಗ ಅಳಿಸುತ್ತಾನೆ. ಅಜ್ಜ ಕೋಲಿನ ತುದಿಯಿಂದ ಗೆರೆ ಎಳೆದು ತೋರಿಸುತ್ತಾನೆ. ಇನ್ನೊಬ್ಬರು ಬಂದು ಹಳೆಯ ಬಾವಿ ಎಲ್ಲಿತ್ತು ಎಂದು ಹೇಳುತ್ತಾರೆ. ನೀರು ತರುವ ಹೆಣ್ಣುಮಕ್ಕಳು ಕೊಡ ಇಳಿಸಿ, ಯಾವ ನಲ್ಲಿಗೆ ಯಾವಾಗ ನೀರು ಬರುತ್ತದೆ, ಯಾವುದಕ್ಕೆ ಬರುವುದೇ ಇಲ್ಲ ಎಂದು ಜಗಳದ ದನಿಯಲ್ಲೇ ವಿವರಿಸುತ್ತಾರೆ. ಅರ್ಧ ತಾಸಿನೊಳಗೆ ಪಾಠ ಹೇಳುವವರು ಊರವರು, ಬರೆದುಕೊಳ್ಳುವವರು ವಿದ್ಯಾರ್ಥಿಗಳು.

ಇವರು ಬಿ.ಎಸ್ಸಿ. (ಆನರ್ಸ್) ತೋಟಗಾರಿಕೆಯ ಕೊನೆಯ ವರ್ಷದವರು. ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಗೆ ಬಂದಿದ್ದಾರೆ. ಈ ರಂಗೋಲಿಗೆ ಪಠ್ಯದಲ್ಲಿ 'ಸಹಭಾಗಿ ಗ್ರಾಮೀಣ ಸಮೀಕ್ಷೆ' ಎಂಬ ಭಾರದ ಹೆಸರಿದೆ. ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಜಗತ್ತಿಗೆ ಪರಿಚಯಿಸಿದ ಈ ಪದ್ಧತಿಯನ್ನು ಭಾರತದಲ್ಲಿ ಮೊದಮೊದಲು ಬಳಸಿದವರಲ್ಲಿ ನಮ್ಮ ರಾಜ್ಯದ ಮೈರಾಡ ಸಂಸ್ಥೆಯೂ ಒಂದು.

"ಏನ್ ಕೊಡ್ತೀರಿ?"

ಊರಿಗೆ ಬಂದ ಹೊಸತರಲ್ಲಿ ಇವರಿಗೆ ಎದುರಾಗುವ ಪ್ರಶ್ನೆ ಒಂದೇ. "ಸರಕಾರದಿಂದ ಬಂದೀರೇನ್ರೀ? ಏನ್ ಕೊಡ್ತೀರಿ?" ಕೊಡಲಿಕ್ಕೆ ಏನೂ ಇಲ್ಲ, ಕೇಳಿ ಕಲಿಯಲು ಬಂದಿದ್ದೇವೆ ಎಂದು ಮನದಟ್ಟು ಮಾಡುವುದಕ್ಕೇ ಮೊದಲ ದಿನಗಳು ಹೋಗುತ್ತವೆ. ಆಮೇಲೆ ಯಾರದೋ ಮನೆಯ ಪಡಸಾಲೆಯಲ್ಲಿ ಚಹಾ, ಇನ್ನಾರದೋ ಮನೆಯಲ್ಲಿ ಖಡಕ್ ರೊಟ್ಟಿ. ಮೈಸೂರು ಕಡೆಯಿಂದ ಬಂದ ಹುಡುಗಿಗೆ ಇಲ್ಲಿನ ಮಾತು ಅರ್ಥವಾಗುವ ಹೊತ್ತಿಗೆ ಕಾರ್ಯಾನುಭವ ಮುಗಿಯುತ್ತಾ ಬಂದಿರುತ್ತದೆ.

ಕಲಿಕೆ ಯಾವ ಬಗೆಯದು ಎನ್ನುವುದಕ್ಕೆ ದಾಳಿಂಬೆಯನ್ನೇ ನೋಡಿ. ಬಾಗಲಕೋಟೆ, ವಿಜಯಪುರ, ಕೊಪ್ಪಳದ ಬೆಳೆಗಾರರನ್ನು ಸಾಲಕ್ಕೆ ನೂಕಿದ ಅಂಗಮಾರಿ ರೋಗ ದುಂಡಾಣುವಿನಿಂದ ಬರುತ್ತದೆ, ಮಳೆಹನಿ ಸಿಡಿದಾಗ ಹರಡುತ್ತದೆ, ಗಿಡ ಸವರುವ ಕತ್ತರಿಯಿಂದಲೂ ಹರಡುತ್ತದೆ. ತರಗತಿಯಲ್ಲಿ ಇದು ಒಂದು ಪುಟದ ಟಿಪ್ಪಣಿ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ.

ಹೊಲಕ್ಕೆ ಹೋದರೆ ಕಾಣುವ ಕಥೆಯೇ ಬೇರೆ. ಚಾಟ್ನಿಗೆ, ಅಂದರೆ ಗಿಡ ಸವರಲು ಬರುವ ಕೂಲಿಗಳ ತಂಡ ಇವತ್ತು ಈ ತೋಟ, ನಾಳೆ ಆ ತೋಟ. ಕೈಯಲ್ಲಿ ಅದೇ ಕತ್ತರಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅದನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು ಎಂದು ಪುಸ್ತಕ ಹೇಳುತ್ತದೆ. ಗಿಡದ ಲೆಕ್ಕದಲ್ಲಿ ಕೂಲಿ ಪಡೆಯುವವನು ಪ್ರತಿ ಗಿಡಕ್ಕೂ ನಿಂತು ಅದ್ದುತ್ತಾ ಕೂತರೆ ಸಂಜೆಗೆ ಅವನ ಕೈಗೆ ಬರುವುದೆಷ್ಟು? ರೋಗಶಾಸ್ತ್ರದ ಪ್ರಶ್ನೆ ಇಲ್ಲಿಗೆ ಬಂದು ಕೂಲಿಯ ಪ್ರಶ್ನೆಯಾಗುತ್ತದೆ. ನಾಲ್ಕನೇ ವರ್ಷದ ನಿಜವಾದ ಪಾಠ ಇದು. ಮೂರು ವರ್ಷ ಬೆಂಚಿನ ಮೇಲೆ ಕೂತವನಿಗೆ ಇದನ್ನು ಯಾವ ಪ್ರೊಫೆಸರೂ ಬೋರ್ಡಿನ ಮೇಲೆ ಬರೆದು ತೋರಿಸಲಾರರು.

ಹಾರ್ಟಿಯವರ ನಾಲ್ಕು ವರ್ಷ

ನವನಗರದ ಅಂಚಿನ ಉದ್ಯಾನಗಿರಿಯಲ್ಲಿರುವ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ್ದು 2008ರ ನವೆಂಬರ್‌ನಲ್ಲಿ. ಅದರ ಕೈಕೆಳಗಿನ ಕೆಲವು ಕಾಲೇಜುಗಳು, ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜಿನಂಥವು, ಅದಕ್ಕಿಂತ ಹಿರಿಯವು. ರೈತರು ಹುಡುಕಿಕೊಂಡು ಬರುವ 'ಭಾಗ್ಯ' ನುಗ್ಗೆ ತಳಿ ಈ ವಿಶ್ವವಿದ್ಯಾಲಯದ ಕೊಡುಗೆ.

ಮೊದಲು ಈ ಪದವಿಗೆ 'ಆನರ್ಸ್' ಎಂಬ ಬಾಲ ಇರಲಿಲ್ಲ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಐದನೇ ಡೀನ್‌ಗಳ ಸಮಿತಿಯ ಶಿಫಾರಸಿನಂತೆ 2016-17ರಿಂದ ದೇಶದ ಕೃಷಿ, ತೋಟಗಾರಿಕೆ ಪದವಿಗಳಿಗೆಲ್ಲ ಅದು ಅಂಟಿಕೊಂಡಿತು. ಜೊತೆಗೆ ಬಂದದ್ದು 'ಸ್ಟೂಡೆಂಟ್ ರೆಡಿ' ಎಂಬ ಕಾರ್ಯಕ್ರಮ. ಹಳ್ಳಿ ವಾಸ್ತವ್ಯ, ಉದ್ಯಮದಲ್ಲಿ ತರಬೇತಿ, ಸ್ವಂತ ಕೈಯಿಂದ ಬೆಳೆದು ಮಾರಿ ಲೆಕ್ಕ ಒಪ್ಪಿಸುವ ಅನುಭವ ಕಲಿಕೆ, ಎಲ್ಲವೂ ಅದರಡಿಯಲ್ಲಿ. ಹಳ್ಳಿಯಲ್ಲಿರುವಾಗ ತಿಂಗಳಿಗೆ 3,000 ರೂಪಾಯಿ ಸ್ಟೈಪೆಂಡ್ ನಿಗದಿಯಾಗಿದೆ. ಬಸ್ಸಿಗೆ, ರಂಗೋಲಿ ಪುಡಿಗೆ, ಚಾರ್ಟ್ ಪೇಪರಿಗೆ ಸಾಕು. ಮೆಸ್ ಬಿಲ್ಲಿನ ಮಾತು ಬೇರೆ.

ವಿದ್ಯಾರ್ಥಿಗಳ ಬಾಯಲ್ಲಿ ಈ ಓದಿಗೆ 'ಹಾರ್ಟಿ' ಎಂದಷ್ಟೇ ಹೆಸರು. ಹಾರ್ಟಿಯವರ ದಿನ ಬೇಗ ಶುರುವಾಗುತ್ತದೆ. ಬೆಳಿಗ್ಗೆ ಕ್ಲಾಸು, ಆಮೇಲೆ ಪ್ರಾಕ್ಟಿಕಲ್, ಸಂಜೆ ತನ್ನ ಪಾಲಿನ ಪ್ಲಾಟಿಗೆ ನೀರು. ಹೆಸರಿಗೊಂದು ಗಿಡ ಒಣಗಿಸಿ ಅಂಟಿಸುವ ಹರ್ಬೇರಿಯಂ, ಸೂಜಿ ಚುಚ್ಚಿ ಜೋಡಿಸುವ ಕೀಟದ ಪೆಟ್ಟಿಗೆ, ಬೀಜ ಸಂಗ್ರಹ, ರೆಕಾರ್ಡ್. 'ಸ್ಪಾಟಿಂಗ್' ದಿನ ಸಾಲಾಗಿಟ್ಟ ಎಲೆ, ಬೀಜ, ಹುಳಗಳನ್ನು ಗುರುತಿಸಿ ಮುಂದಕ್ಕೆ ಸರಿಯಬೇಕು, ಗಂಟೆ ಬಾರಿಸಿದರೆ ಯೋಚನೆಗೆ ಸಮಯವಿಲ್ಲ. ಇಡೀ ನಾಲ್ಕು ವರ್ಷ ತಲೆಯ ಮೇಲೆ ತೂಗುವ ಅಂಕಿಯೊಂದೇ, ಓಜಿಪಿಎ ಎಂಬ ಒಟ್ಟಾರೆ ಗ್ರೇಡ್ ಸರಾಸರಿ.

ಒಳ್ಳೆಯ ಸಂಗತಿಯೆಂದರೆ ರೈತರ ಮಕ್ಕಳಿಗೆ ಇಲ್ಲಿ ಪ್ರತ್ಯೇಕ ಕೋಟಾ ಇದೆ. ಸಿಇಟಿಯ ಜೊತೆಗೆ ಅವರಿಗೊಂದು ಪ್ರಾಯೋಗಿಕ ಪರೀಕ್ಷೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸಿ ತೋರಿಸಬೇಕು. ಕೂರಿಗೆ ಯಾವುದು, ಕುಂಟೆ ಯಾವುದು ಎಂದು ಗೊತ್ತಿರುವುದಕ್ಕೆ ಅಂಕ ಸಿಗುವ ಪ್ರವೇಶ ಪರೀಕ್ಷೆ ನಮ್ಮ ನಾಡಿನಲ್ಲಿ ಇನ್ನೆಷ್ಟಿವೆ?

ಪ್ರೊಫೆಸರರ ಬದುಕೂ ಇಲ್ಲಿ ಮೂರು ಪಾಲು: ಬೋಧನೆ, ಸಂಶೋಧನೆ, ವಿಸ್ತರಣೆ. ಬೆಳಿಗ್ಗೆ ಪಾಠ ಮಾಡಿದವರು ಮಧ್ಯಾಹ್ನ ಪ್ರಯೋಗದ ತಾಕಿನಲ್ಲಿ ಇರುತ್ತಾರೆ, ಅಷ್ಟರಲ್ಲಿ "ಸಾಹೇಬ್ರ, ಎಲಿ ಮುಟಗಿ ಆಗ್ಯಾವ್ರೀ, ಏನ್ ಹೊಡಿಬೇಕು?" ಎಂದು ರೈತನ ಫೋನು. ತೋಟಗಾರಿಕೆ ಮೇಳ ಬಂದರೆ ಅವರೇ ಮಳಿಗೆ ಕಾಯಬೇಕು, ಅವರೇ ಭಾಷಣ ಮಾಡಬೇಕು. ಈ ಮೂರು ಪಾಲಿನ ಮಾದರಿ ಅಮೆರಿಕದ್ದು. 1862ರ ಮೊರಿಲ್ ಕಾಯ್ದೆಯಿಂದ ಹುಟ್ಟಿದ ಭೂದಾನ ವಿಶ್ವವಿದ್ಯಾಲಯಗಳನ್ನು ನೋಡಿ 1960ರಲ್ಲಿ ಪಂತನಗರ, 1964ರಲ್ಲಿ ಬೆಂಗಳೂರು, 1986ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು ಆದವು. ಉದ್ಯಾನಗಿರಿ ಆ ಬಳ್ಳಿಯ ಕುಡಿ.

> ಎಷ್ಟು ಬಗೆಯ ಆನರ್ಸ್?
>
> * ಅಮೆರಿಕದ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಫ್ರಾಂಕ್ ಐಡೆಲಾಟ್ 1922ರಲ್ಲಿ ಆನರ್ಸ್ ಆರಂಭಿಸಿದರು. ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು ಅವರು. ಅಲ್ಲಿ ಪಾಠ ಹೇಳಿದ ಮೇಷ್ಟ್ರು ಪರೀಕ್ಷೆ ಮಾಡುವಂತಿಲ್ಲ, ಹೊರಗಿನವರು ಬಂದು ಪ್ರಶ್ನಿಸುತ್ತಾರೆ.
> * ಹಳೆಯ ಮೈಸೂರು ವಿಶ್ವವಿದ್ಯಾಲಯದಲ್ಲೂ ಆನರ್ಸ್ ಇತ್ತು. ಎ.ಕೆ. ರಾಮಾನುಜನ್ ಮಹಾರಾಜ ಕಾಲೇಜಿನಲ್ಲಿ, ಪಿ. ಲಂಕೇಶ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್ ಓದಿದವರು.
> * ಎಂಜಿನಿಯರಿಂಗ್‌ನಲ್ಲಿ ವರ್ಷ ಹೆಚ್ಚುವುದಿಲ್ಲ. ಎಐಸಿಟಿಇಯ 2018ರ ಮಾದರಿ ಪಠ್ಯಕ್ರಮದಂತೆ 160 ಕ್ರೆಡಿಟ್‌ಗಳ ಮೇಲೆ ಇನ್ನೂ 20 ಕ್ರೆಡಿಟ್ ಆನ್‌ಲೈನ್ ಕೋರ್ಸುಗಳಿಂದ ಗಳಿಸಿದರೆ ಆನರ್ಸ್.
> * ಯುಜಿಸಿಯ 2022ರ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120, ನಾಲ್ಕು ವರ್ಷದ ಆನರ್ಸ್‌ಗೆ 160 ಕ್ರೆಡಿಟ್. 'ಸಂಶೋಧನೆಯೊಂದಿಗೆ ಆನರ್ಸ್' ಬೇಕಿದ್ದರೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಂಕ.

ಬಂದಷ್ಟೇ ಬೇಗ ಹೋಯಿತು

ಈಗ ಗುಡ್ಡ ಇಳಿದು ಊರ ಕಾಲೇಜುಗಳಿಗೆ ಬರೋಣ.

ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. 2021ರ ಆಗಸ್ಟ್‌ನಲ್ಲಿ ಆದೇಶ, ಅದೇ ವರ್ಷದಿಂದ ತರಗತಿ. ಬಾಗಲಕೋಟೆಯ ಬಸವೇಶ್ವರ ಕಾಲೇಜುಗಳಲ್ಲಿ, ಇಳಕಲ್‌ನ ವಿಜಯ ಮಹಾಂತೇಶ ಕಾಲೇಜಿನಲ್ಲಿ, ಹುನಗುಂದದ ವಸ್ತ್ರದ ಕಾಲೇಜಿನಲ್ಲಿ, ಬಾದಾಮಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹುಡುಗರು ಬಿ.ಎ., ಬಿ.ಕಾಂ. ಅರ್ಜಿ ತುಂಬುವಾಗ ಎದುರಾದದ್ದು ಹೊಸ ಲೋಕ. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಇತಿಹಾಸದ ಹುಡುಗನೂ ಓಪನ್ ಎಲೆಕ್ಟಿವ್ ಆರಿಸಬೇಕು, ಡಿಜಿಟಲ್ ಫ್ಲುಯೆನ್ಸಿ ಓದಬೇಕು. ಕಂಪ್ಯೂಟರ್ ಲ್ಯಾಬ್ ಇಲ್ಲದ ಕಡೆ ಡಿಜಿಟಲ್ ಫ್ಲುಯೆನ್ಸಿಯನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಕಲಿಸಿದ ಸಾಹಸಕ್ಕೆ ಯಾರಾದರೂ ಪ್ರಶಸ್ತಿ ಕೊಡಬೇಕಿತ್ತು.

ಸರ್ಕಾರ ಬದಲಾಯಿತು. 2023ರ ಅಕ್ಟೋಬರ್‌ನಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ 8ರಂದು ಇನ್ನೊಂದು ಆದೇಶ: 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಅಷ್ಟರೊಳಗೆ ಸೇರಿದ್ದ ಮೂರು ತಂಡಗಳಿಗೆ ಮಾತ್ರ, ಬೇಕಿದ್ದರೆ ನಾಲ್ಕನೇ ವರ್ಷ.

ಇದು ಕರ್ನಾಟಕದ್ದೇ ಕಥೆಯೇನಲ್ಲ. ದೆಹಲಿ ವಿಶ್ವವಿದ್ಯಾಲಯ 2013ರಲ್ಲಿ ನಾಲ್ಕು ವರ್ಷದ ಪದವಿ ತಂದು 2014ರಲ್ಲಿ ಕೈಬಿಟ್ಟು 2022ರಲ್ಲಿ ಮತ್ತೆ ತಂದಿತು. ಅಲ್ಲೂ ನಡುವೆ ಸಿಕ್ಕವರು ವಿದ್ಯಾರ್ಥಿಗಳೇ.

ಬಾಗಲಕೋಟೆ ಜಿಲ್ಲೆಯವರಿಗೆ ಇದರ ಮೇಲೆ ಇನ್ನೊಂದು ಹೊರೆ. ಇಲ್ಲಿನ ಕಾಲೇಜುಗಳು 2010ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆಮೇಲೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ. ಕಾಲೇಜು ಇದ್ದಲ್ಲೇ ಇತ್ತು, ಅಂಕಪಟ್ಟಿಯ ಮೇಲಿನ ಹೆಸರು ಬದಲಾಗುತ್ತಾ ಹೋಯಿತು. ಹೊಸ ವಿಶ್ವವಿದ್ಯಾಲಯಕ್ಕೆ ಎರಡು ವರ್ಷ ತುಂಬುವ ಮೊದಲೇ, 2025ರ ಆರಂಭದಲ್ಲಿ, ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ವಿಚಾರ ಸಂಪುಟ ಉಪಸಮಿತಿಯ ಮುಂದೆ ಬಂದಾಗ ಆ ಪಟ್ಟಿಯಲ್ಲಿ ಬಾಗಲಕೋಟೆಯದೂ ಇತ್ತು. ಜಿಲ್ಲೆಯಲ್ಲಿ ಪ್ರತಿಭಟನೆಗಳಾದವು.

ಯಾರು ಉಳಿಯಬೇಕಿತ್ತು?

ನಾಲ್ಕನೇ ವರ್ಷಕ್ಕೆ ಬಹುತೇಕರು ಉಳಿಯಲಿಲ್ಲ. ಅವರನ್ನು ದೂರುವಂತಿಲ್ಲ. ಹುನಗುಂದದ ಬಿ.ಎ. ಹುಡುಗನ ಲೆಕ್ಕ ಹಾಕಿ ನೋಡಿ. ಮೇಷ್ಟ್ರಾಗಬೇಕೆಂದರೆ ಬಿ.ಎಡ್. ಎರಡು ವರ್ಷ, ಅದಕ್ಕೆ ಮೂರು ವರ್ಷದ ಪದವಿ ಸಾಕು. ಕೆಎಎಸ್, ಪಿಎಸ್‌ಐ, ಬ್ಯಾಂಕು ಯಾವುದಕ್ಕೂ ಪದವಿ ಸಾಕು. ಆನರ್ಸ್ ಮಾಡಿದವರಿಗೆ ಎಂ.ಎ. ಒಂದೇ ವರ್ಷ ಎಂಬುದು ಕಾಗದದ ಮೇಲಿನ ಮಾತು. ಆ ಒಂದು ವರ್ಷದ ಎಂ.ಎ. ತನ್ನೂರಿನ ಸುತ್ತಮುತ್ತ ಎಲ್ಲಿದೆ ಎಂದು ಅವನು ಕೇಳಿದರೆ ಕೌಂಟರಿನಲ್ಲಿ ಕೂತವರು ಮುಖ ನೋಡಬೇಕು. ಹೆಣ್ಣುಮಗಳಾದರೆ ಮನೆಯಲ್ಲಿ ಇನ್ನೊಂದು ವರ್ಷದ ಅನುಮತಿ ಕೇಳುವುದು ಇನ್ನೊಂದು ಪರೀಕ್ಷೆ.

ಅತ್ತ ಕಾಲೇಜಿನಲ್ಲಿ ಮಾರ್ಗದರ್ಶನಕ್ಕೆ ಯಾರಿದ್ದಾರೆ? ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದೇ 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅವರಲ್ಲಿ ಪಿಎಚ್.ಡಿ. ಮಾಡಿದವರಿದ್ದಾರೆ, ನೆಟ್, ಕೆ-ಸೆಟ್ ಪಾಸಾದವರಿದ್ದಾರೆ. ಆದರೆ ಬರುವ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದವರು ವಿದ್ಯಾರ್ಥಿಯ ವರ್ಷಾವಧಿ ಸಂಶೋಧನೆಗೆ ಹೊಣೆ ಹೊರುವುದು ಹೇಗೆ? ಕಾಯಂ ಮಾಡಿ ಎಂದು ಅವರು 2023ರ ಕೊನೆಯಲ್ಲಿ ಮುಷ್ಕರ ಹೂಡಿದಾಗ ವಾರಗಟ್ಟಲೆ ತರಗತಿಗಳೇ ನಡೆಯಲಿಲ್ಲ.

ನನ್ನ ಮಟ್ಟಿಗೆ ತೀರ್ಪು ಇಷ್ಟು. ಊರ ಕಾಲೇಜುಗಳಲ್ಲಿ ಆನರ್ಸ್ ಸೋತದ್ದು ಅದು ಒಂದು ವರ್ಷ ಉದ್ದವಾಗಿತ್ತು ಎಂಬ ಕಾರಣಕ್ಕಲ್ಲ, ಆ ವರ್ಷದೊಳಗೆ ಏನೂ ಇಟ್ಟಿರಲಿಲ್ಲ ಎಂಬ ಕಾರಣಕ್ಕೆ. ಉದ್ಯಾನಗಿರಿಯ ನಾಲ್ಕನೇ ವರ್ಷದಲ್ಲಿ ಒಂದು ಹಳ್ಳಿ ಇದೆ, ಒಂದು ಬೆಳೆ ಇದೆ, ಕೇಳಲು ಒಬ್ಬ ಮೇಷ್ಟ್ರು ಇದ್ದಾರೆ, ಕೈಗೆ ಚೂರು ಸ್ಟೈಪೆಂಡ್ ಇದೆ. ಬಿ.ಎ.ಯ ನಾಲ್ಕನೇ ವರ್ಷದಲ್ಲಿ ಇದ್ದದ್ದು ಇನ್ನಷ್ಟು ಪೇಪರ್‌ಗಳು. ತುಂಬದ ಬುತ್ತಿಗೆ ನಾಲ್ಕನೇ ಡಬ್ಬಿ ಕಟ್ಟಿಕೊಟ್ಟ ಹಾಗೆ.

ಇಲ್ಲಿ ವಸ್ತುವಿಗೇನು ಬರ?

ಬೇಸರದ ಸಂಗತಿ ಎಂದರೆ, ಸಂಶೋಧನೆಗೆ ಇಷ್ಟು ವಸ್ತು ಬಿದ್ದಿರುವ ಜಿಲ್ಲೆ ರಾಜ್ಯದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಇಳಕಲ್‌ನಲ್ಲಿ ಬಿ.ಕಾಂ. ಓದುವ ಹುಡುಗಿಯ ಮನೆಯಲ್ಲೇ ಕುಣಿ ಮಗ್ಗ ಇರಬಹುದು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕುಣಿಕೆ ಹಾಕಿ ಕೂಡಿಸುವ ಕೊಂಡಿ ಕೆಲಸ ಅವಳಿಗೆ ಅವ್ವನ ಕೈಯಿಂದ ಬಂದ ವಿದ್ಯೆ. ಸೀರೆಗೆ 2007ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯ ನಂತರ ನೇಕಾರನ ಕೂಲಿ ಏರಿತೇ, ವ್ಯಾಪಾರಿಯ ಲಾಭ ಏರಿತೇ? ನೂಲು ಯಾವ ಊರಿಂದ ಯಾವ ಸಾಲದ ಮೇಲೆ ಬರುತ್ತದೆ? ಪವರ್‌ಲೂಮಿನ ಸೀರೆ ಅದೇ ಹೆಸರಿನಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆ? ಒಂದು ವರ್ಷ ಒಂದೇ ಓಣಿಯ ಲೆಕ್ಕ ಬರೆದರೂ ಅದು ಬೆಂಗಳೂರಿನ ಯಾವ ಸಂಸ್ಥೆಯ ಬಳಿಯೂ ಇಲ್ಲದ ದಾಖಲೆಯಾಗುತ್ತದೆ. ರಸಾಯನಶಾಸ್ತ್ರದವರಿಗೆ ಬಣ್ಣವಿದೆ. ಇಳಕಲ್ ಸೀರೆಯ ಹೆಸರಾಂತ ಬಣ್ಣಗಳಲ್ಲೊಂದು ದಾಳಿಂಬೆ ಕೆಂಪು ತಾನೇ? ಭೂವಿಜ್ಞಾನದವರಿಗೆ ಊರ ಸುತ್ತ ಕೆಂಪು ಗ್ರಾನೈಟ್ ಕ್ವಾರಿಗಳು.

ಬಾದಾಮಿಯ ಇತಿಹಾಸದ ಹುಡುಗನಿಗೆ ಕಾಲೇಜಿನಿಂದ ನಡೆದುಹೋಗುವ ದೂರದಲ್ಲಿ 543ರ ಒಂದನೇ ಪುಲಿಕೇಶಿಯ ಬಂಡೆ ಶಾಸನ, 578ರ ಮಂಗಲೇಶನ ಗುಹಾ ಶಾಸನ, ಕನ್ನಡದ ಮೊದಲ ತ್ರಿಪದಿಗಳಿರುವ ಕಪ್ಪೆ ಅರಭಟ್ಟನ ಶಾಸನ. ಹುನಗುಂದ ಸೀಮೆಗೆ ಐಹೊಳೆ, ಮೇಗುತಿ ಗುಡಿಯಲ್ಲಿ 634ರ ರವಿಕೀರ್ತಿಯ ಶಾಸನ, ಹೊಳೆಗಳು ಕೂಡುವಲ್ಲಿ ಕೂಡಲಸಂಗಮ. ಇವನ್ನೆಲ್ಲ ಪ್ರವಾಸದ ಬಸ್ಸಿನವರು ನೋಡಿ ಹೋಗುತ್ತಾರೆ. ಓದಲು ಬಾರದೆ ಸೆಲ್ಫಿ ತೆಗೆದುಕೊಂಡು ಬರುವವರಲ್ಲಿ ಅದೇ ಊರಿನ ಇತಿಹಾಸ ಪದವೀಧರರೂ ಇದ್ದಾರೆ. ಒಂದು ಸೆಮಿಸ್ಟರ್ ಶಾಸನ ಓದುವುದನ್ನು, ಅಚ್ಚು ತೆಗೆಯುವುದನ್ನು ಕಲಿಸಿದ್ದರೆ?

ಹೊರಗಿನವರು ಇದನ್ನು ಮೊದಲೇ ಕಂಡುಕೊಂಡಿದ್ದರು. ಪುಣೆಯ ಡೆಕ್ಕನ್ ಕಾಲೇಜಿನ ಆರ್.ವಿ. ಜೋಶಿ ಮಲಪ್ರಭೆಯ ದಂಡೆ ಹಿಡಿದು ಅಲೆದು, ಬಾದಾಮಿ ತಾಲ್ಲೂಕಿನ ಖ್ಯಾಡದಂಥ ಊರುಗಳ ಹಳೆ ಶಿಲಾಯುಗದ ಆಯುಧಗಳ ಮೇಲೆ 1955ರಲ್ಲಿ ಪುಸ್ತಕ ತಂದರು. ಆನರ್ಸ್ ಓದಿದ ರಾಮಾನುಜನ್ ಐವತ್ತರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾ ಈ ಸೀಮೆಯ ಅಜ್ಜಿಯರ ಬಾಯಿಂದ ಜನಪದ ಕಥೆ ಕೇಳಿ ಬರೆದಿಟ್ಟರು. ಇವರಲ್ಲಿ ಯಾರೂ ಸೂಪರ್ ಕಂಪ್ಯೂಟರ್ ಕೇಳಲಿಲ್ಲ.

ಬಾಗಲಕೋಟೆಯಂತೂ ತಾನೇ ಒಂದು ಸಂಶೋಧನಾ ವಿಷಯ. ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ಬಹುಭಾಗ ಮುಳುಗಿತು. ವಿದ್ಯಾಗಿರಿಯ ಆಚೆ ಸೆಕ್ಟರುಗಳ ನವನಗರ ಎದ್ದಿತು. ಅಣೆಕಟ್ಟಿನ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಇನ್ನೂ ಮುಗಿದಿಲ್ಲ. ಮುಳುಗಡೆಯ ಪರಿಹಾರದ ಹಣ ಒಂದು ಕುಟುಂಬದಲ್ಲಿ ಎಲ್ಲೆಲ್ಲಿ ಹರಿದು ಹೋಯಿತು ಎಂದು ಕೂತು ಕೇಳಲು ಸಮಾಜಶಾಸ್ತ್ರದ ಹುಡುಗಿಗೆ ತನ್ನ ಅಜ್ಜಿಯ ಪಕ್ಕದ ಜಾಗವೇ ಸಾಕು. ಮಲಪ್ರಭೆಯ 2009ರ, 2019ರ ಪ್ರವಾಹದ ನೀರು ಗೋಡೆಗಳ ಮೇಲೆ ಎಲ್ಲಿಯವರೆಗೆ ಏರಿತ್ತು ಎಂದು ಗುರುತು ಹಾಕಿಕೊಂಡು ಬರಲು ಭೂಗೋಳದವರಿಗೆ ಒಂದು ಅಳತೆ ಟೇಪು ಸಾಕು.

> ಒಂದು ಜಿಲ್ಲೆ, ಕೆಲವು ಇಸವಿ
>
> 1906: ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಸ್ಥಾಪನೆ
> 1963: ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು
> 1997: ವಿಜಯಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆ
> 2008: ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ
> 2023: ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ

ಹಾಗೆಂದು ಉದ್ಯಾನಗಿರಿಯನ್ನು ಹೊಗಳಿ ಕೂರಬೇಕಿಲ್ಲ. ಅಲ್ಲೂ ಕಾರ್ಯಾನುಭವದ ವರದಿಗಳು ಹಿಂದಿನ ವರ್ಷದವರ ವರದಿಯಂತೆಯೇ ಬರುವುದುಂಟು, ಹಳ್ಳಿಯ ಹೆಸರು ಮಾತ್ರ ಬೇರೆ. ವರದಿ ಇಂಗ್ಲಿಷಿನಲ್ಲಿ ಇರುವುದರಿಂದ, ನಕ್ಷೆ ತಿದ್ದಿದ ಊರವರಿಗೆ ಅದರಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಕನ್ನಡದಲ್ಲಿ ನಾಲ್ಕು ಪುಟ ಬರೆದು ಪಂಚಾಯಿತಿಗೆ ಕೊಟ್ಟು ಬರುವುದನ್ನು ಕಡ್ಡಾಯ ಮಾಡಿದರೆ ನಷ್ಟವೇನಿಲ್ಲ. ಕೊನೆಯ ವರ್ಷ ಹಲವರ ಗಮನವೂ ಹಳ್ಳಿಗಿಂತ ಐಸಿಎಆರ್‌ನ ಜೆಆರ್‌ಎಫ್ ಪರೀಕ್ಷೆಯ ಮೇಲೆ, ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಯ ಮೇಲೆ ಇರುತ್ತದೆ. ಇರಲಿ, ಹೊಟ್ಟೆಪಾಡು.

ಮೂರು ವರ್ಷದ ಪದವಿಗೆ ಮರಳಿದ್ದು ತಪ್ಪೆಂದು ವಾದಿಸುವವರಿದ್ದಾರೆ, ಸರಿಯೆಂದು ವಾದಿಸುವವರೂ ಇದ್ದಾರೆ. ವರ್ಷದ ಲೆಕ್ಕ ಸರ್ಕಾರ ನೋಡಿಕೊಳ್ಳಲಿ. ಆರನೇ ಸೆಮಿಸ್ಟರ್‌ನಲ್ಲಿ ಒಂದೆರಡು ಪೇಪರ್ ಕಡಿಮೆ ಮಾಡಿ, ತನ್ನೂರಿನ ಒಂದು ಸಂಗತಿಯ ಮೇಲೆ ಕನ್ನಡದಲ್ಲೇ ಬರೆದ ಒಂದು ಪ್ರಾಜೆಕ್ಟ್ ಇಡಲು ಜಮಖಂಡಿಯ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನ ಹೊಸ ನೀತಿ ಬೇಕಿಲ್ಲ. ಅಧ್ಯಯನ ಮಂಡಳಿಯ ಒಂದು ಸಭೆ ಸಾಕು. ಪಿಯು ಮುಗಿಸಿ ಅರ್ಜಿ ಹಿಡಿದು ನಿಂತವರೂ, ಅವರ ತಂದೆತಾಯಿಗಳೂ ಕೌಂಟರಿನಲ್ಲಿ ಫೀಸು ಎಷ್ಟು ಎಂದು ಕೇಳುವ ಜೊತೆಗೆ ಇದನ್ನೂ ಕೇಳಿ: ಪ್ರಾಜೆಕ್ಟ್ ಇದೆಯೇ, ಗೈಡ್ ಯಾರು, ಒಬ್ಬರಿಗೆ ಎಷ್ಟು ವಿದ್ಯಾರ್ಥಿಗಳು?

ಆದೇಶದ ಪ್ರಕಾರ ಬಿ.ಎ., ಬಿ.ಎಸ್ಸಿ., ಬಿ.ಕಾಂ.ನಲ್ಲಿ ನಾಲ್ಕನೇ ವರ್ಷದ ಅವಕಾಶವಿರುವ ಕೊನೆಯ ತಂಡ 2023-24ರಲ್ಲಿ ಸೇರಿದವರದು. ಅವರ ಆ ವರ್ಷ 2026-27. ಅಲ್ಲಿಂದಾಚೆಗೆ ಈ ಜಿಲ್ಲೆಯಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್ ಬೇಕೆಂದರೆ ಉದ್ಯಾನಗಿರಿಯನ್ನೇ ಹತ್ತಬೇಕು.